ಋಣ ಒಂದು ಸೆಕೆಂಡು

ಹಳೇ ಸೇತುವೆಯ ಮೇಲೆ ಒಬ್ಬ ಹುಡುಗ ನಿಂತಿದ್ದಾನೆ.
ಇಪ್ಪತ್ತಾರು ವರ್ಷದಿಂದ ನಿಂತಿದ್ದಾನೆ ನನ್ನ ನೋಟ್ಸಿನಲ್ಲಿ,
ಹೆಸರಿಲ್ಲ, ಮುಖವಿಲ್ಲ, ಒಂದು ಕೈ ಮಾತ್ರ.
ಕೆಳಗೆ ಹತ್ತು ಮೀಟರಿಗೆ ತುಂಗೆ.
ಸೆಕೆಂಡಿಗೆ ಐದು ಮೀಟರಿನಂತೆ
ಕಲ್ಲನ್ನು ನೆಟ್ಟಗೆ ಮೇಲಕ್ಕೆಸೆಯುತ್ತಾನೆ.
ಗುರುತ್ವ ಹತ್ತೆಂದಿಟ್ಟುಕೊಳ್ಳಿ,
ಗಾಳಿ ಇಲ್ಲವೆಂದುಕೊಳ್ಳಿ.
ನೀರು ಮುಟ್ಟಲು ಎಷ್ಟು ಹೊತ್ತು?

(ಸೇತುವೆ ಅಷ್ಟೆತ್ತರ ಇದೆಯೋ ಇಲ್ಲವೋ, ನಾನು ಅಳೆದಿಲ್ಲ.
ಲೆಕ್ಕ ಸಲೀಸಾಗಿ ಒಡೆಯಲಿ ಅಂತ ಹತ್ತು.)

ದುರ್ಗಿಗುಡಿಯಲ್ಲಿ ಹಾಸಿಗೆ ಅಂಗಡಿಯ ಮಹಡಿ ಮೇಲೆ ನನ್ನ ಟ್ಯೂಷನ್ನು.
ಹತ್ತಿ ಎಕ್ಕುವ ಮಿಷಿನ್ನು ನಿಂತ ಮೇಲೆ ಶುರು.
ಪಾಠದ ನಡುವೆ ಒಂದೊಂದು ಎಳೆ ಕಿಟಕಿಯಿಂದ ತೇಲಿ ಬಂದು
ಎಲ್ಲರ ಕಣ್ಣೆದುರೇ ಬೀಳದೆ ನಿಲ್ಲುತ್ತದೆ,
ನನ್ನ ಯಾವ ಸೂತ್ರಕ್ಕೂ ಸೊಪ್ಪು ಹಾಕದೆ.

ವರ್ಗಸಮೀಕರಣ ಬಿಡಿಸಿದರೆ ಎರಡು ಮೂಲ:
ಎರಡು ಸೆಕೆಂಡು,
ಮೈನಸ್ ಒಂದು ಸೆಕೆಂಡು.
‘ಕಾಲ ಋಣವಾಗಲಾರದು, ಆದ್ದರಿಂದ ತ್ಯಜಿಸಿ’
ಎಂದು ಬರೆಸಿದೆ. ಬರೆಯದಿದ್ದರೆ ಅರ್ಧ ಅಂಕ ಹೋಯಿತು.
ಹನ್ನೊಂದು ಪೆನ್ನು ಒಟ್ಟಿಗೇ ಗೆರೆ ಎಳೆದವು.

ದಾದಾಪೀರನದು ಎಳೆಯಲಿಲ್ಲ.

‘ಸಾರ್, ಮೈನಸ್ ಒಂದರಲ್ಲಿ ಕಲ್ಲು ಎಲ್ಲಿತ್ತು?’
‘ಎಲ್ಲೂ ಇಲ್ಲಪ್ಪ. ಎಸೆದೇ ಇರಲಿಲ್ಲವಲ್ಲ.’
‘ಮತ್ತೆ ಆ ಐದು ಎಲ್ಲಿಂದ ಬಂತು?’
‘ಕೈಯಿಂದ.’
ಅವನು ತನ್ನ ಕೈ ನೋಡಿಕೊಂಡ.
ಬಾಳೆಯ ಕರೆ ಹತ್ತಿ ಕಪ್ಪಾದ ಕೈ, ಸೋಪಿಗೆ ಹೋಗುವುದಲ್ಲ.

ಬೆಳಿಗ್ಗೆ ಐದಕ್ಕೆ ಪ್ರೈವೇಟ್ ಬಸ್‌ಸ್ಟ್ಯಾಂಡಿನಲ್ಲಿ
ಅವನು ಬಸ್ಸಿನ ಟಾಪಿಗೆ ಬಾಳೆಲೆ ಕಟ್ಟು ಎಸೆಯುತ್ತಾನೆ.
ಮೇಲೆ ಮಾಮು ಖಲಂದರ್ ಹಿಡಿಯುತ್ತಾನೆ.
ಮಾಮುವಿಗೆ ಮಂಡಿ ನೋವಿದ್ದ ದಿನ ಅದಲು ಬದಲು.

‘ಮೇಲೆ ನಿಂತೋನಿಗೆ ಎಸೆದ ಕೈ ಕಾಣಲ್ಲ ಸಾರ್,
ಟಾಪಿನ ಅಂಚು ಅಡ್ಡ.
ಕಟ್ಟು ಒಮ್ಮೆಲೇ ಅಲ್ಲಿಂದ ಏಳುತ್ತೆ.
ಏಳೋ ಜೋರು ನೋಡಿದ್ರೆ ಗೊತ್ತಾಗುತ್ತೆ,
ಎಷ್ಟು ಕೆಳಗಿಂದ, ಎಷ್ಟೊತ್ತಿನ ಹಿಂದೆ ಬಿಟ್ರು ಅಂತ.
ಮೈನಸ್ ಅಂದ್ರೆ ಅದೇ ಅಲ್ವಾ?
ಸರಿಯಾಗಿ ಎಸೆದ್ರೆ ಕೈಗೆ ಬರೋವಾಗ ಅದು ನಿಂತಿರಬೇಕು
ಅಂತಾರೆ ಮಾಮು. ನನ್ನದು ಇನ್ನೂ ಒದೆಯುತ್ತೆ.’

ಯಾರೋ ನಕ್ಕರು. ನಾನು ಡಸ್ಟರ್ ಎತ್ತಿದವನು ಕೆಳಗಿಟ್ಟೆ.
ಮೈನಸ್ ಒಂದನ್ನು ಸೂತ್ರದೊಳಗೆ ಹಾಕಿದೆ,
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

ಎತ್ತರ ಸೊನ್ನೆ. ಅಂದರೆ ನೀರಿನ ಮಟ್ಟ.
ವೇಗ ಹದಿನೈದು, ಮೇಲ್ಮುಖ.

ಹಾಗಾದರೆ ಕಲ್ಲನ್ನು ಎಸೆದದ್ದು ಹೊಳೆ.
ಸೇತುವೆ ಮುಟ್ಟುವಾಗ ಅದರಲ್ಲಿ ಐದು ಉಳಿದಿತ್ತು,
ಹುಡುಗನ ಕೈ ಹಾದು ಹೋಯಿತು.
ಇನ್ನರ್ಧ ಸೆಕೆಂಡು ಏರಿ, ತಡವರಿಸಿ, ತಿರುಗಿ,
ಎರಡನೆಯ ಸೆಕೆಂಡಿಗೆ ಮತ್ತೆ ನೀರು,
ಅದೇ ಹದಿನೈದು.
ಕೊಟ್ಟಷ್ಟನ್ನೂ ವಸೂಲು ಮಾಡಿತು ಹೊಳೆ.

ಋಣ ಅಂತ ಸಾವಿರ ಸಲ ಬರೆಸಿದ್ದೇನೆ.
ಒಂದು ಅಡ್ಡಗೀಟು ಅಂತಲೇ ಓದಿಕೊಂಡಿದ್ದೆ.
ಮೂಲ ಅಂತಲೂ ಬರೆಸಿದ್ದೇನೆ.
ಕನ್ನಡದಲ್ಲೇ ಹೇಳಿಕೊಟ್ಟೂ
ಕನ್ನಡ ಕಿವಿಗೆ ಬಿದ್ದಿರಲಿಲ್ಲ.

‘ಪರೀಕ್ಷೆಯಲ್ಲಿ ಮಾತ್ರ ತ್ಯಜಿಸು’ ಅಂದೆ.
ಅವನು ಗೆರೆ ಎಳೆದ. ಪೆನ್ಸಿಲಿನಲ್ಲಿ.

ಶನಿವಾರ ಯಾವುದೋ ಮದುವೆಗೆಂದು
ಸಾಗರದ ಮೊದಲ ಬಸ್ಸು ಹತ್ತಿ ಕಿಟಕಿಗೆ ಕೂತೆ.
ಇನ್ನೂ ಕತ್ತಲು, ಟ್ಯೂಬ್‌ಲೈಟಿನ ಸುತ್ತ ಹುಳ.
ಹಸಿರು ಕಟ್ಟುಗಳು ಕಿಟಕಿ ದಾಟಿ ಮೇಲೆ ಹೋಗುತ್ತಿದ್ದವು,
ಎಸೆಯುವವನು ನನಗೂ ಕಾಣುತ್ತಿರಲಿಲ್ಲ.
ನೆತ್ತಿಯ ತಗಡಿನ ಮೇಲೆ ದಡ್.
ದಡ್.
ಮಾಮುವಿನ ಬೈಗುಳ, ಮತ್ತೆ ದಡ್.
ಕಂಡಕ್ಟರ್ ಚಿಲ್ಲರೆ ಕೇಳಿದ, ಎಣಿಸಿ ಕೊಡುತ್ತಿದ್ದೆ,
ಇನ್ನೊಂದು ಕಟ್ಟು ಹೋದದ್ದು ಕಣ್ಣಂಚಿನಲ್ಲಿ ಕಂಡಿತು,
ಕೈ ತಡೆದು ಕಿವಿಗೊಟ್ಟೆ,
ಸದ್ದೇ ಬರಲಿಲ್ಲ.