ಕೆ ಅಕ್ಷರದ ಕೂಲಿ

ಅಕ್ಷರಕ್ಕೆ ಎರಡು ರೂಪಾಯಿ.
ಇಂಗ್ಲಿಷಾದರೂ ಅಷ್ಟೇ, ಕನ್ನಡವಾದರೂ ಅಷ್ಟೇ,
ಒತ್ತಕ್ಷರ ಇದ್ದರೆ ಎಂಟಾಣೆ ಮೇಲೆ.
ಚಿಂತಾಮಣಿಯ ಚೇಳೂರು ರಸ್ತೆಯಲ್ಲಿ
ಪೇಂಟರ್ ದಸ್ತಗೀರ್ ಮಾಮು ಏಣಿ ಹತ್ತಿದರೆ
ಕೆಳಗೆ ಡಬ್ಬ ಹಿಡಿದು ನಾನು,
ಏಳನೇ ಕ್ಲಾಸು, ಅವರ ಸ್ಪೆಲಿಂಗು.

ಅವತ್ತು ಗಂಗುಲಪ್ಪನವರ ಅಂಗಡಿ.
ಕುಡುಗೋಲು, ಮಚ್ಚು, ಈಳಿಗೆಮಣೆ,
ಹುಣಸೆ ಬಿಡಿಸುವ ಗಿಡ್ಡ ಕತ್ತಿ.
ಇಂಗ್ಲಿಷಲ್ಲೇ ಆಗಬೇಕಂತೆ ಬೋರ್ಡು: ನೈಫ್ ಸೆಂಟರ್.
ಸೀಮೆಸುಣ್ಣದ ಗೆರೆ ಎಳೆದು
ಮಾಮು ಮೊದಲು ಬರೆದದ್ದು ಕೆ.

"ಕೆ ಯಾಕೆ?"
"ಅದು ಹಂಗೇ ಸಾರ್. ಇರುತ್ತೆ, ಮಾತಾಡಲ್ಲ."
"ಬಾಯೇ ಬಿಡದವನಿಗೆ ಎರಡು ರೂಪಾಯಿ ಕೂಲೀನಾ?
ಮೂಟೆ ಎತ್ತದವನಿಗೆ ಮಂಡೀಲಿ ಯಾರಾದರೂ ಕೊಡ್ತಾರೇನಯ್ಯ?"

ಟೀಚರ್ ಹೇಳಿದ್ದನ್ನ ಕೆಳಗಿಂದಲೇ ಒಪ್ಪಿಸಿದೆ.
ಹಿಂದೆ ಅವರೂ ಕ್ನೀಫ್ ಅಂತಲೇ ಕರೀತಿದ್ದರು,
ನಾಲಿಗೆ ಸೋಮಾರಿಯಾಯಿತು,
ಕೈ ಮಾತ್ರ ಬರೀತಾ ಹೋಯಿತು.
ಗಂಟಿಗೂ ಇದೆ ಸಾರ್ ಒಂದು ಕೆ, ತಿಳಿಯೋದಕ್ಕೂ ಒಂದು ಕೆ,
ಮಂಡಿಗೂ ಒಂದು.
"ಯಾವ ಮಂಡಿ? ಕಡಲೆಕಾಯಿ ಮಂಡೀನಾ?"
ಅಲ್ಲ, ಕಾಲಿನದು.

"ಹಾಗಾದರೆ ಕೊನೇಲಿರೋ ಇ? ಅದೂ ಗೋಡೆಗೊರಗಿ ಕೂತಿದೆ."
ಅದು ಕೂತಿದೆ ಅಂತಲೇ ಸಾರ್,
ಒಂದು ಮನೆ ಆಚೆ ಇರೋ ಐ
ತನ್ನ ಹೆಸರನ್ನ ನೆಟ್ಟಗೆ ಹೇಳೋದು.
ಎಬ್ಬಿಸಿ ಕಳಿಸಿದರೆ ನಿಫ್.

ಗಂಗುಲಪ್ಪನವರು ಗಲ್ಲಾಪೆಟ್ಟಿಗೆಯ ಹಿಂದೆ ತಿರುಗಿ ನೋಡಿದರು.
ಗೋಣಿಚೀಲದ ಮೇಲೆ ಅವರವ್ವ,
ಬಾಯಿ ತುಂಬ ಎಲೆಅಡಿಕೆ,
ಹತ್ತು ವರ್ಷದಿಂದ ವ್ಯಾಪಾರದಲ್ಲಿ ಒಂದು ಮಾತಿಲ್ಲ.
"ಇ-ಗೆ ಪೂರ್ತಿ ಕೊಡ್ತೀನಿ. ಕೆ-ಗೆ ಅರ್ಧ."
ಮಾಮು ಕೆಯನ್ನ ಒರೆಸಿ
ಸ್ವಲ್ಪ ಸಣ್ಣದಾಗಿ ಬರೆದರು.

ಮನೆಯಲ್ಲಿ ನಮ್ಮದು ತೆಲುಗು.
ಅಜ್ಜಿಗೆ ಹಾಲು ಪಾಲು, ಹುಲಿ ಪುಲಿ.
ಶಾಲೆಗೆ ಹೊರಡುವಾಗ ಹೊಸಿಲಲ್ಲಿ ಪ ಬಿಟ್ಟು
ಹ ಹಾಕಿಕೊಂಡು ಹೋಗುತ್ತಿದ್ದೆ, ಚಪ್ಪಲಿಯ ಹಾಗೆ.
ಎಷ್ಟೋ ವರ್ಷದ ಮೇಲೆ ಓದಿದೆ,
ಹಳಗನ್ನಡಕ್ಕೂ ಅದು ಪಾಲೇ ಆಗಿತ್ತಂತೆ.
ಕನ್ನಡ ದಾರಿಯಲ್ಲೆಲ್ಲೋ ಬೀಳಿಸಿಕೊಂಡ ಪ
ನಮ್ಮ ಒಲೆಯ ಪಕ್ಕ ಬೆಚ್ಚಗೆ ಕೂತಿತ್ತು,
ಯಾರೂ ಹುಡುಕಿಕೊಂಡು ಬಂದಿರಲಿಲ್ಲ.

ನಾವು ಸದ್ದು ಸತ್ತರೆ ಅಕ್ಷರವನ್ನೂ ಹೂಳುವ ಜನ.
ಱ ಹೋಯಿತು, ೞ ಹೋಯಿತು,
ವರ್ಣಮಾಲೆಯಲ್ಲಿ ಈಗ ಅವಕ್ಕೆ ಮಣೆಯಿಲ್ಲ.
ಇಂಗ್ಲಿಷಿನವರು ಸತ್ತವರನ್ನ ಜಗಲಿಯ ಮೇಲೆ ಕೂರಿಸಿ
ಬಂದವರಿಗೆಲ್ಲ ಪರಿಚಯ ಮಾಡಿಸುತ್ತಾರೆ,
ಗೊತ್ತಿಲ್ಲ ಅಂದರೆ ಮಾರ್ಕ್ಸು ಕಳೆಯುತ್ತಾರೆ.

ಹೇಳೋದು ಬಿಟ್ಟೆ.
ಬೋರ್ಡಿನ ಮೇಲಿನ ಸಾಲು ಗಂಗುಲಪ್ಪನವರ ಅಪ್ಪನದು:
ಪಿಳ್ಳಮುನಿಯಪ್ಪ ಅಂಡ್ ಸನ್ಸ್.
ಏಕವಚನ ಬಹುವಚನ ಆಗತಾನೆ ಕಲಿತ ಜಂಬ ನನಗೆ.
"ನೀವೊಬ್ಬರೇ ತಾನೆ ಸಾರ್? ಸನ್ ಸಾಕು.
ಎಸ್ ತೆಗೆದರೆ ಎರಡು ರೂಪಾಯಿ ಉಳೀತು."

ಗೋಣಿಚೀಲದ ಮೇಲೆ ಅಗಿಯುವುದು ನಿಂತಿತು.
ಮಾಮು ಏಣಿಯ ಮೇಲೆ ಕುಂಚ ಹಿಡಿದು ಸುಮ್ಮನಿದ್ದರು,
ತೊಟ್ಟು ತೊಟ್ಟಾಗಿ ಕೆಂಪು ನನ್ನ ಕಾಲ ಬಳಿ.
ಗಂಗುಲಪ್ಪನವರು ಒಂದು ಮಚ್ಚು ತೆಗೆದು
ಅದರ ಅಲಗನ್ನ ಸುಮ್ಮನೆ ಬಟ್ಟೆಯಲ್ಲಿ ಒರೆಸಿದರು.
"ಇರಲಿ ಬಿಡಮ್ಮ ಅದು.
ಅದಕ್ಕೆ ಚೌಕಾಸಿ ಬೇಡ."

ಈಗ ನಾನು ಇಂಗ್ಲಿಷ್ ಮೇಡಂ.
ಹುಡುಗಿಯರು ಕೆ ಬಿಟ್ಟು ನೈಫ್ ಬರೆದರೆ
ಅಡ್ಡಗೆರೆ ಹೊಡೆಯುವುದಿಲ್ಲ,
ಎಡಗಡೆ ಜಾಗ ನೋಡಿ, ಕೆಂಪಿನಲ್ಲಿ, ಸಣ್ಣದಾಗಿ
ಒಂದು ರೂಪಾಯಿಯ ಕೆ.
ಬಹುವಚನದ ಪಾಠ ಬಂದಾಗ ಮಾತ್ರ
ಕ್ಲಾಸಿಗೆ ಬೆನ್ನು ಹಾಕಿ
ಕೈಯಲ್ಲೇ ಇರುವ ಸೀಮೆಸುಣ್ಣವನ್ನ
ಸ್ವಲ್ಪ ಹೊತ್ತು ಹುಡುಕುತ್ತೇನೆ.