ಒದ್ದೆ ಕಡ್ಡಿಪೆಟ್ಟಿಗೆ

ವ್ಯಾನು ನನ್ನದು. ಅದಕ್ಕೇ ನನ್ನನ್ನು ಕರೆದರು.
ಹಾಡು ಬರುತ್ತಿರಲಿಲ್ಲ, ತಾಳ ಮೊದಲೇ ಇಲ್ಲ.
ಅಪ್ಪ ಮೀನು ಮಾರಿದ ಹಳೇ ಬೆಡ್‌ಫರ್ಡ್ ಅದು,
ಎಷ್ಟು ಫಿನಾಯಿಲ್ ಸುರಿದರೂ
ಆಂಪ್ಲಿಫೈಯರುಗಳಿಗೆಲ್ಲ ಮೀನಿನ ವಾಸನೆ.

ಡನೀಡನ್. ಎಂಬತ್ತಮೂರರ ಜುಲೈ.
ನಮ್ಮಲ್ಲಿ ಜುಲೈ ಅಂದರೆ ಕೊರೆಯುವ ಚಳಿ,
ಒಳಗೂ ಉಸಿರು ಕಾಣುವ ಬಾಡಿಗೆ ಮನೆ,
ಗೋಡೆ ಬೆವೆತು ಕಡ್ಡಿಪೆಟ್ಟಿಗೆ ನೆನೆದು
ಒಂದು ಸಿಗರೇಟಿಗೆ ಹದಿನಾಲ್ಕು ಕಡ್ಡಿ ಗೀರಿದ ರಂಗಿ
ಹದಿನೈದನೆಯದನ್ನು ಎಸೆದು ಹೇಳಿದ:
'ಹೆಸರು ಸಿಕ್ಕಿತು.'
ವೆಟ್ ಮ್ಯಾಚಸ್.
ಇಯೋನಾ ನಕ್ಕಳು. ಹೇಮಿಶ್ ಮಾತಾಡಲಿಲ್ಲ.
ಹೇಮಿಶ್ ಮಾತಾಡದಿದ್ದರೆ ಒಪ್ಪಿದ ಎಂದೇ ಲೆಕ್ಕ;
ಆ ಲೆಕ್ಕ ತಪ್ಪೆಂದು ತಿಳಿಯಲು ಒಂಬತ್ತು ವರ್ಷ ಹಿಡಿಯಿತು.

ರಂಗಿ ಹಗಲೆಲ್ಲ ಬಂದರಿನ ಉಣ್ಣೆ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ,
ಕೀಲಿಕೈ ಅವನ ಬಳಿಯೇ.
ಭಾನುವಾರ ಮೂಟೆಗಳ ನಡುವೆ ಡ್ರಮ್ ಇಟ್ಟೆವು:
ಕುರಿಗಳೇ ನಮ್ಮ ಸ್ಟುಡಿಯೋ ಗೋಡೆ.
ನಾಲ್ಕು ಟ್ರ್ಯಾಕಿನ ಟೇಪು, ಅದೂ ಎರವಲು,
ಇನ್ಯಾರದೋ ಮದುವೆಯ ಭಾಷಣವಿತ್ತು ಅದರಲ್ಲಿ,
ಅಳಿಸಿ ಅದರ ಮೇಲೇ ಹಾಡಿದರು.
ಉಣ್ಣೆಯ ಜಿಡ್ಡಿಗೆ ಇಯೋನಾಳ ಕೋಲು ಜಾರಿ
ಮೂರನೇ ಸಾಲಿನಲ್ಲಿ ಒಂದು ಪೆಟ್ಟು ತಪ್ಪಿದೆ.
ಈಗಲೂ ಕೇಳಿ ನೋಡಿ, ತಪ್ಪಿದೆ.

ಮುನ್ನೂರು ಪ್ರತಿ.
ಅಡಿಗೆಮನೆಯ ಮೇಜಿನ ಮೇಲೆ ಹೊದಿಕೆ ಮಡಿಸಿ
ಮೈದಾ ಅಂಟು ಹಚ್ಚಿದೆವು;
ನಲವತ್ತನ್ನು ನಾನು ತಲೆಕೆಳಗಾಗಿ ಕತ್ತರಿಸಿದೆ.
ವಿಶ್ವವಿದ್ಯಾಲಯದ ರೇಡಿಯೋ ಹುಡುಗಿ ರಾತ್ರಿ ಹನ್ನೊಂದಕ್ಕೆ ಹಾಕಿದಳು,
ಮುಗಿದ ಮೇಲೆ ಏನೂ ಹೇಳದೆ ಮತ್ತೊಮ್ಮೆ ಹಾಕಿದಳು.
ಮುಂದಿನದೆಲ್ಲ ಆ ಎರಡನೇ ಸಲದಿಂದ.

ಆಮೇಲೆ ರಸ್ತೆ.
ಗೋರ್ ಎಂಬ ಊರಿನಲ್ಲಿ ಹನ್ನೊಂದು ಜನ,
ಅವರಲ್ಲಿಬ್ಬರು ಡಾರ್ಟ್ಸ್ ಆಡಲು ಬಂದವರು,
ಬೋರ್ಡು ರಂಗಿಯ ತಲೆಯ ಹಿಂದೆಯೇ ಇತ್ತು.
ಟಿಮಾರುವಿನಲ್ಲಿ ಯಜಮಾನ ಹಣದ ಬದಲು ಅರ್ಧ ಕುರಿ ಕೊಟ್ಟ.
ಕ್ರೈಸ್ಟ್‌ಚರ್ಚಿನಲ್ಲಿ ಮಾತ್ರ ಬಾಗಿಲಾಚೆಗೂ ಜನ,
ಗುರುತಿಲ್ಲದ ಬಾಯಿಗಳಲ್ಲಿ ರಂಗಿಯ ಸಾಲು;
ಅವನು ಹಾಡು ನಿಲ್ಲಿಸಿ ಕೇಳಿಸಿಕೊಂಡ,
ತನ್ನ ಕೋಟನ್ನು ಇನ್ನೊಬ್ಬನ ಮೈಮೇಲೆ ಕಂಡವನ ಹಾಗೆ.

ಹ್ಯಾಂಬರ್ಗಿನಿಂದ ಕಾಗದ ಬಂತು. ಹೋದರು.
ವ್ಯಾನು ಸಮುದ್ರ ದಾಟದು, ನಾನೂ.
ಪೋಸ್ಟ್‌ಕಾರ್ಡು ಬರುತ್ತಿದ್ದವು, ಇಯೋನಾಳ ದುಂಡಕ್ಷರ:
ಇಲ್ಲಿ ನುಡಿಸುವ ಮೊದಲೇ ಊಟ ಹಾಕುತ್ತಾರೆ.
ಲಂಡನ್ನಿನ ದೊಡ್ಡ ಕಂಪನಿಯವನು ಬಂದಿದ್ದ,
ಎಲ್ಲ ಚೆಂದ ಅಂದ, ಡ್ರಮ್ಮಿಗೆ ಮಾತ್ರ ಯಂತ್ರ ಇಡೋಣ ಅಂದ.
ರಂಗಿ ಅವನ ಪೆನ್ನನ್ನು ಅವನದೇ ಬಿಯರಿನಲ್ಲಿ ಮುಳುಗಿಸಿದ.
ಹೇಮಿಶ್ ಮಾತಾಡಲಿಲ್ಲ.

ಒಡೆದದ್ದು ಜಗಳದಲ್ಲಲ್ಲ.
ತೊಂಬತ್ತೆರಡು. ಮತ್ತೆ ಟಿಮಾರು, ಪೆಟ್ರೋಲ್ ಬಂಕು.
ಪೈ ತರುತ್ತೇನೆಂದು ಇಳಿದ ಹೇಮಿಶ್
ಎದುರು ದಿಕ್ಕಿನ ಬಸ್ಸು ಹತ್ತಿದ.
ಸೀಟಿನ ಮೇಲೆ ಅವನ ಬೇಸ್ ಗಿಟಾರು,
ಮಗುವಿಗೆ ಕಟ್ಟಿದಂತೆ ಬೆಲ್ಟು ಕಟ್ಟಿತ್ತು.
ಸಹಿ ಹಾಕಬೇಕಿತ್ತು ಎಂಬ ಒಂದು ಮಾತನ್ನು
ಅಷ್ಟು ವರ್ಷ ನುಂಗಿ ಕೂತಿದ್ದನೋ,
ಬರೀ ದಣಿದಿದ್ದನೋ.
ಅರ್ಧ ಗಂಟೆ ನಾನು ಎಂಜಿನ್ ಆರಿಸಲಿಲ್ಲ.

ಈಗ ರಂಗಿ ಕಂಡವರ ಪಿಯಾನೋಗಳಿಗೆ ಶ್ರುತಿ ಕೂಡಿಸುತ್ತಾನೆ.
ಇಯೋನಾಳಿಗೆ ಎಡಗಿವಿ ಹೋಗಿದೆ, ಬಲಕ್ಕೆ ಕೂತು ಮಾತಾಡಬೇಕು.
ಓಸಾಕಾದ ಹುಡುಗನೊಬ್ಬ ನಾನೂರು ಡಾಲರು ಕೊಡುತ್ತಾನಂತೆ
ನಾನು ಕೆಡಿಸಿದ ಹೊದಿಕೆಗೆ; ಅವೇ ಅಪರೂಪವಂತೆ.
ಒಂದು ಇದೆ, ಫ್ರಿಜ್ಜಿನ ಕಾಲಡಿಗೆ.
ಎಳೆದರೆ ಫ್ರಿಜ್ಜು ವಾಲುತ್ತದೆ.

ಅವನೇ ಕೇಳಿದ್ದು: ಎರಡನೇ ಬದಿಯ ಕೊನೆಗೆ
ಉದ್ದಕ್ಕೆ ಎಳೆದ ಆ ಮಂದ್ರಸ್ವರ, ಯಾವ ವಾದ್ಯ?
ಹಡಗಪ್ಪಾ ಅದು.
ಕುರಿಮಾಂಸ ತುಂಬಿಕೊಂಡು ಬಂದರು ಬಿಡುತ್ತಿತ್ತು.
ಗೋದಾಮಿನ ಬಾಗಿಲು ತೆರೆದವನು ನಾನು, ಸಿಗರೇಟಿಗೆ.
ಇನ್ನೊಂದು ಟೇಪಿಗೆ ಕಾಸಿರಲಿಲ್ಲ.
ಬೈಯಲು ಬಾಯಿ ತೆರೆದ ರಂಗಿ
ಹಾಗೇ ಕೈ ಎತ್ತಿದ: ಅಲುಗಬೇಡಿ.
ಅದು ಕೂಗಿ ಮುಗಿಸುವವರೆಗೆ
ನಾಲ್ವರೂ ಉಸಿರು ಹಿಡಿದಿದ್ದೆವು,
ನನ್ನ ಕೈಯಲ್ಲಿ ಆಗತಾನೇ ಹತ್ತಿದ ಕಡ್ಡಿ.