ಚಿಲಕ

ಝುವಾರಿನಗರದ ಗುಡ್ಡದ ಮ್ಯಾಲ ನಮ್ಮ ಹಿತ್ತಲ.
ಹಿತ್ತಲ ಅಂದ್ರ ಏನು, ಎರಡು ಮಾರು ಕೆಂಪು ಕಲ್ಲು,
ಒಂದು ನುಗ್ಗಿ ಗಿಡ, ನೀಲಿ ಪೀಪಾಯಿ,
ಬಂದರಿನಿಂದ ಇವರು ಹೆಗಲ ಮ್ಯಾಲ ತಂದ
ಹಲಗಿಯ ಗೂಡು.

ವಿಮಾನ ಇಳೀತಾವ ದಿನಾ, ನೆತ್ತಿ ತಾಗೂಹಂಗ.
ನೆರಳು ಹಾಯ್ದಾಗೆಲ್ಲ ಐದೂ ಕೋಳಿ
ಗಿಡಗ ಅಂತ ತಿಳದು ನೆಲಕ್ಕ ಅಂಟತಾವ.
ಡಬ್ಬು ಮುಗಿಲಿಗೆ ಬೊಗಳತದ.
ಸಕ್ಕುಬಾಯಿ, ನಮ್ಮ ಬೆಕ್ಕು,
ಅದರಾಗ ಹತ್ತಿ ಇಳದು ಬ್ಯಾಸರಾದಾಕಿ ಹಂಗ
ಕಿವಿ ಸೈತ ಎತ್ತೂದಿಲ್ಲ.

ಮೊದಲ ಆರಿದ್ದವು.
ಡಬ್ಬು ಬಂದ ವಾರದಾಗ ಕೆಂಪಿ ಹ್ವಾದಳು.
ಸಿಟ್ಟಿಲೆ ಕೊಂದದ್ದಲ್ಲ ಅದು, ಆಡಿದ್ದು.
ಸತ್ತ ಮ್ಯಾಲೂ ಮೂಗಿಲೆ ದೂಡತಿತ್ತು
ಯಾಕ ಏಳವಲ್ಲಿ ಅಂತ.

ಸತ್ತದ್ದನ್ನ ಅದರ ಕೊಳ್ಳಿಗೇ ಕಟ್ಟು,
ಕೊಳತು ನಾರಲಿ, ಜನ್ಮದಾಗ ಮುಟ್ಟೂದಿಲ್ಲ
ಅಂದ ಗ್ಯಾರೇಜಿನ ಇಮಾಮಸಾಬ.
ಹಗ್ಗ ಹುಡುಕೂದು ಆಗಲಿಲ್ಲ ನನ್ನ ಕೈಲೆ.
ಪ್ಯಾಟ್ಯಾಗ ತತ್ತಿ ಮಾರೂ ಎರ್ಮೆಲಿಂದಾಬಾಯಿ
ಅರ್ಧ ಕೊಂಕಣಿ, ಅರ್ಧ ಕೈಸನ್ನಿಯೊಳಗ ಹೇಳಿದಳು:
ಹೊಡೀಬ್ಯಾಡ. ಬ್ಯಾಸರಾಗೂದನ್ನ ಕಲಸು.

ಕಲಸಿದೆ.
ಕ್ಯಾಂಟೀನ ಪಾಳಿ ಮುಗಿಸಿ ಬಂದು
ಎಣ್ಣಿ ಡಬ್ಬಿ ಬೋರಲ ಹಾಕಿ ಕುಂತು
ಒಂದು ಕೈಯಾಗ ಡಬ್ಬೂನ ಹಗ್ಗ,
ಇನ್ನೊಂದರಾಗ ಒಣ ಬಂಗಡಿ.
ಕೋಳಿ ಕಡೆ ನೋಡಿ, ಹೊಳ್ಳಿ ನನ್ನ ಕಡೆ ನೋಡಿದರ
ಒಂದು ಚೂರು.
ಕೋಳಿ ಓಡಿದಾಗ ಅದರ ತೊಡಿ ನಡಗತಿತ್ತು,
ಕಣ್ಣಿಗೆ ಕಾಣೂಕಿಂತ ಮೊದಲ
ಹಗ್ಗದಾಗ ಗೊತ್ತಾಗತಿತ್ತು ನನಗ.
ಎಷ್ಟೋ ಸಂಜಿ ಹಂಗ. ಮೈಯೆಲ್ಲ ಮೀನ ವಾಸನಿ.
ಇವರು ಹಾಸಿಗಿ ಸರಸಿಕೊಂಡರು.
ಇಪ್ಪತ್ತಾರನೇ ಸಂಜಿಗೆ
ಬೋಳಕುತ್ತಿಗಿ ಕೋಳಿ ಎದುರಿಗೇ ಮಣ್ಣ ಕೆದರುವಾಗ
ಡಬ್ಬು ಆಕಳಿಸಿತು.
ಅಷ್ಟಗಲ ಬಾಯಿ, ಅಷ್ಟೊಂದು ಹಲ್ಲು,
ನನಗದು ಹಬ್ಬ.

ಬೆಕ್ಕಿನ ಮಾತು ಬ್ಯಾರೆ.
ಕಣ್ಣು ಮುಚ್ಚಿ ಹಾಲು ಕುಡೀತದ ಅಂತಾರ;
ಸಕ್ಕುಬಾಯಿ ಕಣ್ಣು ತೆರದೇ ಮರಿ ಎಣಸ್ತಾಳ.
ಒಮ್ಮೆ ಬೋಳಕುತ್ತಿಗಿ ಮೂಗಿಗೆ ಕುಟುಕಿದ್ದಕ್ಕ
ಈಗ ಪೀಪಾಯಿ ಸುತ್ತ ಬಳಸಿ ಹೊಕ್ಕಾಳ.
ಆಕಿ ಕಲತದ್ದು ತಾಯಿಯ ಅಂಜಿಕಿ,
ಮರಿಯ ಮ್ಯಾಲಿನ ಕರುಣಿ ಅಲ್ಲ.
ಅದಕ್ಕ ಅರ್ಧ ಇಂಚಿನ ಜಾಳಗಿ ಹೊಡಿಸೀನಿ,
ಬೆಕ್ಕಿನ ಕೈ ಹೋಗಬಾರದು, ಹಾವಿನ ತಲಿ ಹೋಗಬಾರದು.
ಕೋಳಿಗಿಂತ ಗೂಡ ತುಟ್ಟಿ ಅಂತಾರ ಇವರು.
ಹೌದು, ತುಟ್ಟಿ.

ಈಗ ಮಧ್ಯಾಹ್ನ ಬಂದವರು ನಿಂತು ನೋಡ್ತಾರ:
ನಾಯಿ ಅಡ್ಡಾಗಿರತದ,
ಕೋಳಿ ಅದರ ಕಿವಿಯಾಗಿನ ಉಣ್ಣಿ ಹೆಕ್ಕತದ,
ಬೆಕ್ಕು ಬಿಸಿಲಾಗ ಕರಗಿದಂಗ ಬಿದ್ದಿರತದ.
ಮಗಳು ಮಲ್ಲಮ್ಮ ಮೊಬೈಲ ಹಿಡದು
ಎಷ್ಟು ಪ್ರೀತಿ ನೋಡವ್ವ ಅಂತಾಳ.
ನಾ ಸುಮ್ಮನಿರತೀನಿ.

ಹ್ವಾದ ತಿಂಗಳ ನಡುರಾತ್ರಿ ಗೂಡಿನ ಬುಡಕ್ಕ
ಕಾಡಬೆಕ್ಕು ಬಂದಿತ್ತು. ಡಬ್ಬು ಅಟ್ಟಿ ಬಂತು
ಕಿವಿ ಹರಕೊಂಡು.
ಅರಿಶಿಣ ಹಚ್ಚುತ್ತ ಇವರಂದರು:
ಇನ್ನ್ಯಾಕ ಚಿಲಕ? ನಿನ್ನ ಮಗನೇ ಕಾಯಾಕಿದ್ದಾನಲ್ಲ.
ಆ ಮುಂಜಾನಿ ಮಗನ ತುಟಿಗೆ
ಒಂದು ಬಿಳಿ ಪುಕ್ಕ ಅಂಟಿತ್ತು.
ಐದ ಸಲ ಎಣಿಸಿದೆ. ಐದೂ ಇದ್ದವು.
ಗೂಡಿಗೆ ಮಾರಿ ಹಚ್ಚಿ ಮಲಗಿದ್ದಿರಬೇಕು.
ಇರಬೇಕು.
ಪುಕ್ಕ ತಗದು ಸೆರಗಿಗೆ ಒರಸಿದೆ,
ಬೈಲಿಲ್ಲ, ಮುದ್ದೂ ಮಾಡಲಿಲ್ಲ.

ನಂಬಿಕಿ ಬ್ಯಾರೆ, ಚಿಲಕ ಬ್ಯಾರೆ.
ಒಂದು ಇನ್ನೊಂದರ ಕೆಲಸ ಮಾಡೂದಿಲ್ಲ.

ದೀಪ ಹಚ್ಚೂ ಹೊತ್ತಿನ ವಿಮಾನ ಹಾಯ್ತದ.
ಕೋಳಿ ತಾವೇ ಒಳಗ ಹೋಗತಾವ, ಗೊಣಗುತ್ತ.
ನಾ ಚಿಲಕ ಜಡೀತೀನಿ, ಎರಡು ಸಲ ಜಗ್ಗತೀನಿ.
ಹರಕ ಕಿವಿಯ ಡಬ್ಬು ಬಂದು
ಚಿಲಕದ ಕಡೆ ನೋಡಿ, ಹೊಳ್ಳಿ ನನ್ನ ಕಡೆ ನೋಡತದ.
ಬಂಗಡಿ ತೀರಿ ಎಷ್ಟೋ ದಿನ ಆತು.
ಬರಿಗೈ ಮುಂದ ಮಾಡತೀನಿ.
ಅದನ್ನೇ ನೆಕ್ಕತದ.